ಕತ್ತರಿಗೆ ಮುನ್ನ ಕಸರತ್ತು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದರೆ ಹೊಟ್ಟೆಯ ಕೊಬ್ಬನ್ನು ಕತ್ತರಿಸಿ ತೆಗೆಯುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಈ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕೊಬ್ಬಿನ ಗೋಜಿಗೆ ಹೋಗುವುದಿಲ್ಲ. ಅವರು ಕತ್ತರಿ ಹಾಕುವುದು ಜಠರಕ್ಕೆ. ಕೆಲವು ವಿಧಾನಗಳಲ್ಲಿ ಸಣ್ಣ ಕರುಳಿನ ಜೋಡಣೆಯನ್ನೂ ಬದಲಿಸುತ್ತಾರೆ. ಕೊಬ್ಬು ಕರಗುವುದು ಆನಂತರ, ತಿಂಗಳುಗಟ್ಟಲೆ, ನಿಧಾನವಾಗಿ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯಕಾರಿ. ಎಲ್ಲ ಕೆಲಸವೂ ಆಪರೇಷನ್ ಥಿಯೇಟರಿನಲ್ಲೇ ನಡೆಯುತ್ತದೆ, ರೋಗಿ ಹೋಗಿ ಮಲಗಿದರೆ ಸಾಕು ಎಂಬ ಭಾವನೆ ಅದು. ನಿಜ ಸಂಗತಿ ಎಂದರೆ, ಶಸ್ತ್ರಚಿಕಿತ್ಸೆಯ ಯಶಸ್ಸಿನ ಒಂದು ದೊಡ್ಡ ಪಾಲು ಅದಕ್ಕೆ ಮುಂಚಿನ ಕೆಲವು ವಾರಗಳಲ್ಲಿ, ಮನೆಯ ಅಡುಗೆಮನೆಯಲ್ಲಿ ಮತ್ತು ಬೀದಿಯ ನಡಿಗೆಯಲ್ಲಿ ನಿರ್ಧಾರವಾಗುತ್ತದೆ.

ಅಯೋವಾದಲ್ಲಿ ಆರಂಭ

ಈ ಚಿಕಿತ್ಸೆಗೆ 'ಬೇರಿಯಾಟ್ರಿಕ್ ಸರ್ಜರಿ' ಎಂದು ಹೆಸರು. ಗ್ರೀಕ್ ಭಾಷೆಯ 'ಬಾರೋಸ್' ಎಂದರೆ ಭಾರ. ವಾಯುಭಾರ ಅಳೆಯುವ ಬಾರೋಮೀಟರಿನ ಹೆಸರಿನಲ್ಲಿರುವುದೂ ಇದೇ ಮೂಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಒಂದು ವಿಷಯವನ್ನು ಗಮನಿಸಿದ್ದರು. ಹುಣ್ಣಿನ ಕಾರಣಕ್ಕೆ ಜಠರದ ಒಂದು ಭಾಗವನ್ನು ತೆಗೆಸಿಕೊಂಡ ರೋಗಿಗಳು ಆಮೇಲೆ ದಪ್ಪಗಾಗುವುದು ಕಷ್ಟವಾಗುತ್ತಿತ್ತು. ಹುಣ್ಣಿನವರಿಗೆ ಇದು ತೊಂದರೆ. ಆದರೆ ಅತಿ ಬೊಜ್ಜಿನಿಂದ ನರಳುವವರಿಗೆ ಇದೇ ವರವಾಗಬಾರದೇಕೆ? 1966ರಲ್ಲಿ ಅವರು ಮೊದಲ 'ಗ್ಯಾಸ್ಟ್ರಿಕ್ ಬೈಪಾಸ್' ನಡೆಸಿದರು. ಅನ್ನನಾಳದ ಕೆಳಗೆ ಜಠರದ ಪುಟ್ಟ ಚೀಲವನ್ನಷ್ಟೇ ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ವಿಧಾನ ಇದು. ಇಂದು ಆ ಚೀಲದಲ್ಲಿ ಹಿಡಿಸುವುದು ಸುಮಾರು 30 ಮಿಲಿಲೀಟರ್, ಎಂದರೆ ಎರಡು ದೊಡ್ಡ ಚಮಚದಷ್ಟು.

ಈಗ ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ವಿಧಾನ 'ಸ್ಲೀವ್'. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಕೊಳವೆಯನ್ನು ಉಳಿಸುತ್ತಾರೆ. ಜಾಗ ಕಡಿಮೆಯಾಗುವುದಷ್ಟೇ ಇದರ ಪರಿಣಾಮವಲ್ಲ. ಹಸಿವನ್ನು ಹುಟ್ಟಿಸುವ 'ಗ್ರೆಲಿನ್' ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಹೋದಾಗ ಹಸಿವಿನ ಕರೆಯೂ ತಗ್ಗುತ್ತದೆ.

ಯಾರಿಗೆ ಈ ಚಿಕಿತ್ಸೆ?

ವಿದ್ಯಾರ್ಥಿಗಳಿಗೆ ಇಲ್ಲೊಂದು ಸುಲಭ ಲೆಕ್ಕವಿದೆ. ಕಿಲೋಗ್ರಾಂಗಳಲ್ಲಿ ತೂಕ, ಮೀಟರುಗಳಲ್ಲಿ ಎತ್ತರ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು 'ಬಾಡಿ ಮಾಸ್ ಇಂಡೆಕ್ಸ್'. ಒಬ್ಬರ ಎತ್ತರ 1.6 ಮೀಟರ್, ತೂಕ 112 ಕಿಲೋ ಎಂದುಕೊಳ್ಳೋಣ. 1.6ರ ವರ್ಗ 2.56. ಭಾಗಿಸಿದಾಗ ಸಿಗುವುದು 43.75.

ಈ ಅಂಕಿ 40 ದಾಟಿದ್ದರೆ, ಅಥವಾ 35 ದಾಟಿ ಸಕ್ಕರೆ ಕಾಯಿಲೆಯಂತಹ ತೊಂದರೆಗಳಿದ್ದರೆ ಶಸ್ತ್ರಚಿಕಿತ್ಸೆ ಸೂಕ್ತ ಎಂದು ಅಮೆರಿಕದ ತಜ್ಞರ ಸಭೆ 1991ರಲ್ಲಿ ಹೇಳಿತ್ತು. 2022ರಲ್ಲಿ ಶಸ್ತ್ರವೈದ್ಯರ ಎರಡು ಅಂತರರಾಷ್ಟ್ರೀಯ ಮಟ್ಟದ ಸಂಘಗಳು ಈ ಮಿತಿಯನ್ನು 35ಕ್ಕೆ ಇಳಿಸಿದವು. ಏಷ್ಯಾದ ಜನರಿಗೆ 27.5ರಿಂದಲೇ ಆಲೋಚಿಸಬಹುದು ಎಂದವು. ಅಷ್ಟೇ ಅಂಕಿಯ ಯುರೋಪಿಯನ್ನರಿಗಿಂತ ನಮ್ಮವರ ದೇಹದಲ್ಲಿ, ಅದರಲ್ಲೂ ಹೊಟ್ಟೆಯೊಳಗೆ, ಕೊಬ್ಬು ಹೆಚ್ಚು ಇರುವುದೇ ಇದಕ್ಕೆ ಕಾರಣ.

ಎಚ್ಚರಿಕೆ: ಈ ಲೆಕ್ಕ ವಯಸ್ಕರಿಗೆ ಮಾತ್ರ. ಬೆಳೆಯುವ ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆ ನಕ್ಷೆಗಳಿವೆ. ತರಗತಿಯಲ್ಲಿ ಈ ಲೆಕ್ಕ ಹಾಕಿ ಸಹಪಾಠಿಗೆ ಅಡ್ಡಹೆಸರು ಇಡುವುದು ಗಣಿತವೂ ಅಲ್ಲ, ವಿಜ್ಞಾನವೂ ಅಲ್ಲ.

ದಾರಿಗೆ ಅಡ್ಡ ಯಕೃತ್ತು

ಈಗ ಮುಖ್ಯ ಪ್ರಶ್ನೆ. ತೂಕ ಇಳಿಸಲೆಂದೇ ಶಸ್ತ್ರಚಿಕಿತ್ಸೆ ಮಾಡುವಾಗ, ಅದಕ್ಕೆ ಮುಂಚೆಯೂ ಪಥ್ಯವೇಕೆ?

ಉತ್ತರ ನಮ್ಮ ಅಂಗರಚನೆಯಲ್ಲಿದೆ. ಹೈಸ್ಕೂಲಿನ ಪಾಠಪುಸ್ತಕದಲ್ಲಿರುವ ಜೀರ್ಣಾಂಗಗಳ ಚಿತ್ರವನ್ನು ತೆರೆದು ನೋಡಿ. ಯಕೃತ್ತಿನ ಎಡ ಹಾಲೆ ಜಠರದ ಮೇಲ್ಭಾಗದ ಮುಂದೆ ಚಾಚಿಕೊಂಡಿರುತ್ತದೆ. ವೈದ್ಯರು ಹೊಟ್ಟೆಯಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲದ ಡೈ ಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, ಕ್ಯಾಮೆರಾ ಮತ್ತು ಉದ್ದನೆಯ ಸಲಕರಣೆಗಳನ್ನು ಒಳಗೆ ಬಿಡುತ್ತಾರೆ. ಜಠರ ಕಾಣಬೇಕಾದರೆ ಯಕೃತ್ತನ್ನು ಮೇಲಕ್ಕೆತ್ತಿ ಹಿಡಿಯಲೇಬೇಕು.

ಅತಿ ಬೊಜ್ಜಿನವರಲ್ಲಿ ಯಕೃತ್ತಿನಲ್ಲೂ ಕೊಬ್ಬು ತುಂಬಿರುತ್ತದೆ. ಅದು ಊದಿಕೊಂಡು ಭಾರವಾಗಿರುತ್ತದೆ, ಎತ್ತುವಾಗ ಸುಲಭವಾಗಿ ಹರಿದು ರಕ್ತ ಸುರಿಸುತ್ತದೆ. ಜಠರ ಸರಿಯಾಗಿ ಕಾಣದಿದ್ದರೆ ಹೊಟ್ಟೆಯನ್ನು ದೊಡ್ಡದಾಗಿ ಸೀಳಬೇಕಾಗಬಹುದು, ಇಲ್ಲವೇ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು.

ಸಮಾಧಾನದ ಸಂಗತಿ ಎಂದರೆ ಯಕೃತ್ತು ಬೇಗ ಕುಗ್ಗುವ ಅಂಗ. ಉಂಡ ಅನ್ನದ ಸಕ್ಕರೆಯನ್ನು ಅದು ಗ್ಲೈಕೊಜನ್ ರೂಪದಲ್ಲಿ ಕೂಡಿಡುತ್ತದೆ, ಸುಮಾರು 100 ಗ್ರಾಂ. ಒಂದೊಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಊಟದಲ್ಲಿ ಪಿಷ್ಟ ಮತ್ತು ಸಕ್ಕರೆ ಕಡಿಮೆಯಾದೊಡನೆ ಈ ದಾಸ್ತಾನು ಖರ್ಚಾಗುತ್ತದೆ, ನೀರೂ ಹೊರಟುಹೋಗುತ್ತದೆ. ಬೆನ್ನಿಗೇ ಯಕೃತ್ತಿನ ಕೊಬ್ಬೂ ಉರಿಯತೊಡಗುತ್ತದೆ.

ಆಸ್ಟ್ರೇಲಿಯದ ಮೆಲ್ಬರ್ನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. 32 ಜನರಿಗೆ 12 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ಸ್ಕ್ಯಾನ್ ಮಾಡಿದಾಗ, ಯಕೃತ್ತಿನ ಗಾತ್ರ ಸರಾಸರಿ ಶೇ. 18.7ರಷ್ಟು ಇಳಿದಿತ್ತು. ಆ ಇಳಿಕೆಯ ಶೇ. 80ರಷ್ಟು ಭಾಗ ಮೊದಲ ಎರಡು ವಾರಗಳಲ್ಲೇ ಆಗಿತ್ತು! ಅನೇಕ ಆಸ್ಪತ್ರೆಗಳು ಎರಡರಿಂದ ನಾಲ್ಕು ವಾರದ ಪಥ್ಯ ಹೇಳುವುದರ ಹಿಂದಿರುವುದು ಇಂತಹ ಲೆಕ್ಕ.

ಬೀಳ್ಕೊಡುಗೆಯ ಊಟ ಬೇಡ

ನಮ್ಮ ಮನೆಗಳಲ್ಲಿ ಪ್ರೀತಿಯೇ ಇಲ್ಲಿ ಶತ್ರುವಾಗುವುದುಂಟು. "ಪಾಪ, ಇನ್ನು ಮೇಲೆ ತಿನ್ನೋಕಾಗಲ್ಲವಂತೆ, ಈಗಲೇ ತಿಂದುಬಿಡಲಿ" ಎಂದು ಅಜ್ಜಿ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಾರೆ. ಅತ್ತೆಯ ಮನೆಯಿಂದ ಮೈಸೂರುಪಾಕಿನ ಡಬ್ಬ ಬರುತ್ತದೆ. ಶಸ್ತ್ರಚಿಕಿತ್ಸೆಗೆ ಒಂದು ವಾರವಿರುವಾಗ ನಡೆಯುವ ಈ ಉಪಚಾರ, ಖಾಲಿಯಾಗುತ್ತಿದ್ದ ಯಕೃತ್ತಿನ ಉಗ್ರಾಣವನ್ನು ಮತ್ತೆ ತುಂಬುತ್ತದೆ. ಒಂದು ದಿನದ ಹಬ್ಬ ಹತ್ತು ದಿನದ ಪಥ್ಯವನ್ನು ಹಾಳುಮಾಡಬಲ್ಲದು. ಅದರ ಬೆಲೆ ತೆರಬೇಕಾದವರು ಮೇಜಿನ ಮೇಲೆ ಮಲಗುವ ರೋಗಿ.

ಹಾಗಾದರೆ ತಿನ್ನುವುದೇನು? ಈ ಪಥ್ಯದಲ್ಲಿ ದಿನಕ್ಕೆ ಸಾಮಾನ್ಯವಾಗಿ 800ರಿಂದ 1200 ಕಿಲೊಕ್ಯಾಲೊರಿ ಮಾತ್ರ. ಅನ್ನ, ಮುದ್ದೆ, ಚಪಾತಿ, ಆಲೂಗಡ್ಡೆ ತೀರ ಕಡಿಮೆ. ಸಕ್ಕರೆ, ಬೆಲ್ಲ, ಕರಿದ ತಿಂಡಿ, ಹಣ್ಣಿನ ರಸ ಇಲ್ಲ. ಸೊಪ್ಪು, ಹೀರೆಕಾಯಿ, ಸೋರೆಕಾಯಿ, ಸೌತೆಕಾಯಿ, ಕೆನೆ ತೆಗೆದ ಮಜ್ಜಿಗೆ ಧಾರಾಳ. ಆದರೆ ಪ್ರೋಟೀನು ಕಡಿಮೆಯಾಗಬಾರದು. ಕಡಿಮೆಯಾದರೆ ದೇಹ ಕೊಬ್ಬಿನ ಜೊತೆ ಸ್ನಾಯುಗಳನ್ನೂ ಕರಗಿಸುತ್ತದೆ, ಗಾಯ ಮಾಯುವುದೂ ತಡವಾಗುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಸಾಮಾನ್ಯ ಗುರಿ.

ಸಸ್ಯಾಹಾರಿಗಳಿಗೆ ಇಲ್ಲೊಂದು ಇಕ್ಕಟ್ಟಿದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೇಳೆಯಲ್ಲಿ ನೂರಕ್ಕೆ 22 ಗ್ರಾಂ ಇದ್ದರೂ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪಿಷ್ಟ ಅದರಲ್ಲೇ ಇದೆ. ಇನ್ನು ತಿಳಿಸಾರಿನಲ್ಲಿ ಬೇಳೆ ಇರುವುದೇ ಹೆಸರಿಗೆ. ಆದ್ದರಿಂದಲೇ ಆಹಾರ ತಜ್ಞರು ಸೋಯಾ, ಪನೀರ್, ಕೆಲವೊಮ್ಮೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ ಹೇಳುತ್ತಾರೆ.

ಈ ಪಥ್ಯವನ್ನು ಯಾರೂ ತಾವಾಗಿಯೇ ಆರಂಭಿಸಬಾರದು. ಸಕ್ಕರೆ ಕಾಯಿಲೆಯವರು ಊಟ ಇಳಿಸಿ ಇನ್ಸುಲಿನ್ ಅಥವಾ ಮಾತ್ರೆಯನ್ನು ಮೊದಲಿನಷ್ಟೇ ಮುಂದುವರಿಸಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಔಷಧದ ಪ್ರಮಾಣವನ್ನು ವೈದ್ಯರೇ ಇಳಿಸಬೇಕು. ಈಚೆಗೆ ತೂಕ ಇಳಿಸಲು ಬಳಸುವ ಸೆಮಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇವು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಉಪವಾಸವಿದ್ದರೂ ಒಳಗೆ ಆಹಾರ ಉಳಿದು, ಅರಿವಳಿಕೆಯಲ್ಲಿದ್ದಾಗ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ನಡಿಗೆಯ ಲೆಕ್ಕ

ಇನ್ನು ವ್ಯಾಯಾಮ. ನೂರು ಕಿಲೋ ತೂಕದವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು ಸುಮಾರು 175 ಕಿಲೊಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ಭಾಗಿಸಿ ನೋಡಿ: ಒಂದು ಕಿಲೋ ಇಳಿಯಲು 44 ದಿನ! ಹಾಗಾದರೆ ನಡೆಯುವುದು ದಂಡವೇ?

ಅಲ್ಲ. ಇಲ್ಲಿ ನಡಿಗೆಯ ಉದ್ದೇಶ ತೂಕವಲ್ಲ, ಸಿದ್ಧತೆ. ಶಸ್ತ್ರಚಿಕಿತ್ಸೆಯ ನಂತರ ಕಾಡುವ ದೊಡ್ಡ ಅಪಾಯಗಳಲ್ಲಿ ಒಂದು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಇದನ್ನು ತಡೆಯಲೆಂದೇ ರೋಗಿಯನ್ನು ಅದೇ ದಿನ ಎಬ್ಬಿಸಿ ನಡೆಸುತ್ತಾರೆ. ಮುಂಚೆ ನಡೆದು ರೂಢಿಯಾದ ಕಾಲು ಆಗ ಮಾತು ಕೇಳುತ್ತದೆ. ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿದಾಗಲೆಲ್ಲ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಪಂಪಿನಂತೆ.

ಮಂಡಿನೋವಿದ್ದವರು ಹತ್ತು ಹತ್ತು ನಿಮಿಷದ ಮೂರು ನಡಿಗೆ ಮಾಡಬಹುದು. ಅದೂ ಆಗದವರು ಕುರ್ಚಿಯಲ್ಲಿ ಕುಳಿತು ಕೈಕಾಲು ಆಡಿಸಬಹುದು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣದಿಂದ ಉಸಿರೆಳೆದು ಚೆಂಡು ಏರಿಸುವ ಅಭ್ಯಾಸ ಶ್ವಾಸಕೋಶದ ತುದಿಗಳನ್ನು ತೆರೆಯುತ್ತದೆ. ಬೀಡಿ, ಸಿಗರೇಟು ಮಾತ್ರ ಕನಿಷ್ಠ ಆರು ವಾರ ಮುಂಚೆಯೇ ಪೂರ್ತಿ ನಿಲ್ಲಬೇಕು.

ಮುದ್ದೆ ನುಂಗುವ ಕೈ

ಮೂರನೆಯ ಸಿದ್ಧತೆ ಊಟದ ರೀತಿಯದು. ಪುಟ್ಟ ಜಠರಕ್ಕೆ ತುತ್ತನ್ನು ಅರೆಯುವ ಶಕ್ತಿ ಅಷ್ಟಾಗಿ ಇರುವುದಿಲ್ಲ. ಆ ಕೆಲಸವನ್ನು ಹಲ್ಲುಗಳೇ ಮಾಡಬೇಕು. ಒಂದೊಂದು ತುತ್ತನ್ನೂ 20-30 ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಕಲಿತು ಬೆಳೆದ ನಮ್ಮ ಸೀಮೆಯವರಿಗೆ ಇದು ಸುಲಭವಲ್ಲ. ನಲವತ್ತು ವರ್ಷದ ಅಭ್ಯಾಸ ಆಸ್ಪತ್ರೆಯಿಂದ ಬಂದ ಮರುದಿನ ಬದಲಾಗುವುದಿಲ್ಲ. ಹಾಗೆ ನುಂಗಿದರೆ ಎದೆಯಲ್ಲಿ ಹಿಡಿದುಕೊಂಡು ವಾಂತಿಯಾಗುತ್ತದೆ. ಆದ್ದರಿಂದ ಪಾಠ ಮುಂಚೆಯೇ ಆರಂಭವಾಗಬೇಕು.

ಬಿ-12, ಕಬ್ಬಿಣ, ಡಿ ಜೀವಸತ್ವಗಳನ್ನು ಪರೀಕ್ಷಿಸಿ ಕೊರತೆಯನ್ನು ಮೊದಲೇ ತುಂಬಬೇಕು. ಬಿ-12 ರಕ್ತಕ್ಕೆ ಸೇರಲು ಜಠರದ ಗೋಡೆಯಲ್ಲಿ ತಯಾರಾಗುವ ಒಂದು ಪದಾರ್ಥ ಬೇಕು. ಜಠರವೇ ಕಿರಿದಾದ ಮೇಲೆ ಮಾತ್ರೆ, ಚುಚ್ಚುಮದ್ದು ಜೀವನವಿಡೀ ಬೇಕಾಗುತ್ತವೆ. ಇದನ್ನು ಒಪ್ಪಿಕೊಳ್ಳುವುದೂ ಸಿದ್ಧತೆಯ ಒಂದು ಭಾಗ.

ಪರೀಕ್ಷೆಯಲ್ಲ, ತಯಾರಿ

ಕೊನೆಯದಾಗಿ ಒಂದು ಸೂಕ್ಷ್ಮ. ಪಥ್ಯದಲ್ಲಿ ತೂಕ ಇಳಿಸಲು ಆಗಲಿಲ್ಲವೆಂದರೆ ಆ ವ್ಯಕ್ತಿಗೆ ಮನೋಬಲವಿಲ್ಲ, ಚಿಕಿತ್ಸೆಗೆ ಅರ್ಹನಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲಿ ವಿಮಾ ಕಂಪೆನಿಗಳು ತಿಂಗಳುಗಟ್ಟಲೆ ತೂಕ ಇಳಿಸಿ ತೋರಿಸುವಂತೆ ಷರತ್ತು ಹಾಕುತ್ತಿದ್ದವು. ಇದಕ್ಕೆ ಆಧಾರವಿಲ್ಲ, ಇದರಿಂದ ಚಿಕಿತ್ಸೆ ತಡವಾಗುವುದಷ್ಟೇ ಎಂದು ಅಲ್ಲಿನ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘ 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಯಕೃತ್ತನ್ನು ಕುಗ್ಗಿಸುವ ಎರಡು ವಾರದ ಪಥ್ಯ ಬೇರೆ, ಮನುಷ್ಯನ ಯೋಗ್ಯತೆ ಅಳೆಯುವ ಪರೀಕ್ಷೆ ಬೇರೆ. ಬೊಜ್ಜು ಸೋಮಾರಿತನದ ಗುರುತಲ್ಲ. ವಂಶವಾಹಿಗಳು, ಹಾರ್ಮೋನುಗಳು, ಸುತ್ತಲಿನ ಬದುಕು ಎಲ್ಲ ಸೇರಿ ತರುವ ಕಾಯಿಲೆ.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ, 2007ರಲ್ಲಿ ಫಲಿತಾಂಶ ಪ್ರಕಟವಾದ ಅಧ್ಯಯನವನ್ನು ನೋಡಿ. ಸರಾಸರಿ 11 ವರ್ಷಗಳ ಅವಧಿಯಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಜನರಲ್ಲಿ 101 ಮಂದಿ ತೀರಿಕೊಂಡಿದ್ದರು. ಮಾಡಿಸಿಕೊಳ್ಳದ 2,037 ಜನರಲ್ಲಿ ತೀರಿಕೊಂಡವರು 129 ಮಂದಿ. ಇನ್ನೊಂದು ಕಡೆ, ಅಮೆರಿಕದ 4,776 ರೋಗಿಗಳ ಅಧ್ಯಯನದಲ್ಲಿ (2009) ಮೊದಲ 30 ದಿನಗಳಲ್ಲಿ ಸಾವು ಸಾವಿರಕ್ಕೆ ಮೂರು. ಲಾಭ ನಿಜ, ಅಪಾಯವೂ ನಿಜ. ಆ ಅಪಾಯವನ್ನು ಇನ್ನಷ್ಟು ತಗ್ಗಿಸುವುದೇ ಸಿದ್ಧತೆಯ ಗುರಿ.

ಮನೆಯಲ್ಲಿ ತಂದೆಯೋ ತಾಯಿಯೋ ಈ ಹಾದಿಯಲ್ಲಿದ್ದರೆ ಮಕ್ಕಳು ಮಾಡಬಹುದಾದದ್ದು ಬಹಳವಿದೆ. ಸಂಜೆ ಅವರೊಡನೆ ನಡೆಯಲು ಹೋಗಬಹುದು. ಅವರ ಎದುರಿಗೆ ಕುರುಕಲು ತಿಂಡಿಯ ಪೊಟ್ಟಣ ಒಡೆಯದಿರಬಹುದು. ಮಾತ್ರೆಯ ಹೊತ್ತು ನೆನಪಿಸಬಹುದು. ಆದರೆ ದೊಡ್ಡವರ ಈ ಪಥ್ಯವನ್ನು ಬೆಳೆಯುವ ಮಕ್ಕಳು ಅನುಕರಿಸಬಾರದು. ಮಗುವಿನ ತೂಕದ ಬಗ್ಗೆ ಚಿಂತೆಯಿದ್ದರೆ ತಂದೆತಾಯಿಗಳು ಮಕ್ಕಳ ವೈದ್ಯರನ್ನು ಕಾಣಲಿ. ಅದಕ್ಕೆ ಮೊದಲು ಇಡೀ ಮನೆಯ ತಟ್ಟೆಯನ್ನೊಮ್ಮೆ ನೋಡಿಕೊಳ್ಳಲಿ. ಒಬ್ಬರಿಗೆ ಪಥ್ಯ, ಉಳಿದವರಿಗೆ ಬೋಂಡ ಎಂಬ ಮನೆಯಲ್ಲಿ ಪಥ್ಯ ಹೆಚ್ಚು ದಿನ ನಿಲ್ಲುವುದಿಲ್ಲ.