ಖಡ್ಗ ಹಿಡಿದ ಬಾಹುಬಲಿ

ಕಳೆದ ಮಹಾವೀರ ಜಯಂತಿಯಂದು ನಮ್ಮ ಭಾಗದ ಒಂದು ಊರಿನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಸ್ತಬ್ಧಚಿತ್ರವೊಂದು ಸಾಗಿ ಬಂದಿತು. ಎಂಟು ವರ್ಷದ ಬಾಲಕ. ಎದೆಗೆ ಬೆಳ್ಳಿ ಕಾಗದ ಅಂಟಿಸಿದ ರಟ್ಟಿನ ಕವಚ. ಬಲಗೈಯಲ್ಲಿ ತನಗಿಂತಲೂ ಉದ್ದವಾದ ಖಡ್ಗ. ಕೆಳಗಿನ ಫಲಕದಲ್ಲಿ ‘ಭಗವಾನ್ ಬಾಹುಬಲಿ’ ಎಂದು ಬರೆದಿದ್ದರು. ಧ್ವನಿವರ್ಧಕದಲ್ಲಿ ಚಲನಚಿತ್ರದ ಸಂಗೀತ. ನೆರೆದ ಜನ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ನನ್ನ ಕೈಗಳೂ ಮೇಲೆದ್ದವು. ಫಲಕವನ್ನು ಓದಿದ ಮೇಲೆ ಕೆಳಗಿಳಿದವು.

ಬಾಲಕನ ತಂದೆ ಸಜ್ಜನರು. ರಾತ್ರಿಭೋಜನ ತ್ಯಾಗವನ್ನು ತಪ್ಪದೆ ಪಾಲಿಸುವವರು. ಅವರನ್ನು ಬದಿಗೆ ಕರೆದು ಕೇಳಿದೆ. “ಕಾಕಾ, ಹುಡುಗರಿಗೆ ಈ ಬಾಹುಬಲಿನೇ ಗೊತ್ತದರಿ; ಆ ಬಾಹುಬಲಿ ಯಾರಿಗೆ ಗೊತ್ತದ?” ಎಂದರು. ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಇದ್ದದ್ದನ್ನೇ ಹೇಳಿದರು. ಈ ಲೇಖನ ಅವರ ಮೇಲಿನ ದೂರಲ್ಲ; ಆ ಉತ್ತರವನ್ನು ಕೇಳಿ ಸುಮ್ಮನೆ ಮನೆಗೆ ಹೋದ ನನ್ನಂಥ ಹಿರಿಯರ ಮೇಲಿನ ದೂರು.

ಆ ಚಿತ್ರವನ್ನು ನಮ್ಮವರಲ್ಲಿ ನೋಡದವರು ಕಡಿಮೆ. ಮೊದಲ ಭಾಗ 2015ರ ಜುಲೈ 10ರಂದು, ಎರಡನೆಯದು 2017ರ ಏಪ್ರಿಲ್ 28ರಂದು ತೆರೆ ಕಂಡವು. ಎರಡನ್ನೂ ಸೇರಿಸಿ ಒಂದಾಗಿಸಿದ ಆವೃತ್ತಿ 2025ರ ಅಕ್ಟೋಬರ್ 31ರಂದು ಮತ್ತೆ ಬಂದಿತು. ನೂರಾರು ಕೋಟಿ ರೂಪಾಯಿಗಳ ವೆಚ್ಚ. ತೆಲುಗು ಸೀಮೆಗೆ ಅಂಟಿಕೊಂಡಿರುವ ರಾಯಚೂರಿನಲ್ಲಿ ಇಂಥ ಚಿತ್ರ ಪರಭಾಷೆಯದೆಂದು ಯಾರಿಗೂ ಅನ್ನಿಸುವುದಿಲ್ಲ. ದೇವದುರ್ಗದಿಂದ, ಮಾನ್ವಿಯಿಂದ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಹೋಗಿ ನೋಡಿ ಬಂದದ್ದುಂಟು. ನಿರ್ದೇಶಕ ಎಸ್. ಎಸ್. ರಾಜಮೌಳಿಯವರು 1973ರಲ್ಲಿ ಹುಟ್ಟಿದ್ದು ಮಾನ್ವಿ ಬಳಿಯ ಅಮರೇಶ್ವರ ಕ್ಯಾಂಪಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದ ರೈತರು ಬಂದು ನೆಲೆಸಿದ ಸೀಮೆ ಅದು. ನಮ್ಮ ಜಿಲ್ಲೆಯ ನೆಲದಲ್ಲಿ ಹುಟ್ಟಿದವರು ಜಗತ್ತಿನ ಕಣ್ಣು ಸೆಳೆದರೆಂಬ ಹೆಮ್ಮೆ ನನಗೂ ಇದೆ. ಚಿತ್ರವು ನಮ್ಮ ಬಾಹುಬಲಿ ಸ್ವಾಮಿಯ ಕಥೆಯೆಂದು ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ಮಾಹಿಷ್ಮತಿಯ ಕಥೆ ಕಲ್ಪಿತ. ಆದುದರಿಂದ ಕಥೆಯನ್ನು ಕೆಡಿಸಿದರೆಂಬ ಆರೋಪ ನಿಲ್ಲುವುದಿಲ್ಲ. ಚಿತ್ರದವರು ತೆಗೆದುಕೊಂಡದ್ದು ಹೆಸರನ್ನು ಮಾತ್ರ. ಆ ಹೆಸರಿನ ಕೈಗೆ ಖಡ್ಗ ಕೊಟ್ಟು ಮೆರವಣಿಗೆಯಲ್ಲಿ ‘ಭಗವಾನ್’ ಎಂಬ ಫಲಕ ಹಚ್ಚಿದವರು ನಾವು.

2017ರಲ್ಲಿ ಕಾವೇರಿ ವಿಷಯದ ಹಳೆಯ ಮಾತೊಂದಕ್ಕೆ ನಟ ಸತ್ಯರಾಜ್ ವಿಷಾದ ವ್ಯಕ್ತಪಡಿಸಿದ ಮೇಲೆಯೇ ಎರಡನೆಯ ಭಾಗ ಕರ್ನಾಟಕದಲ್ಲಿ ತೆರೆ ಕಂಡಿತು. ನೀರಿಗಾಗಿ ನಾಡು ಎದ್ದಿತು. ಹೆಸರಿನ ವಿಷಯವಾಗಿ ನಮ್ಮ ಭಾಗದ ಯಾವ ಸಭೆಯಲ್ಲಿಯೂ ಒಂದು ಮಾತು ಬಂದುದನ್ನು ನಾನು ಕೇಳಲಿಲ್ಲ. ಬಹಿಷ್ಕಾರ ಬೇಕಿತ್ತೆಂದು ನಾನು ಹೇಳುತ್ತಿಲ್ಲ. ಮಾತಾದರೂ ಬೇಕಿತ್ತು.

ಇದಕ್ಕೆ ನಮ್ಮ ವಿದ್ಯಾವಂತ ತರುಣರು ಕೊಡುವ ಉತ್ತರವೊಂದಿದೆ: “ಹೊರದೇಶದವರು ಗ್ರೀಕ್ ಪುರಾಣಗಳನ್ನು ತೆಗೆದುಕೊಂಡು ಕೋಟಿಗಟ್ಟಲೆ ಸುರಿದು ಚಿತ್ರ ಮಾಡುವುದಿಲ್ಲವೆ? ಅಲ್ಲಿ ಯಾರೂ ಮನನೊಂದುಕೊಳ್ಳುವುದಿಲ್ಲವಲ್ಲ!” ಸರಿ, ಅದನ್ನೇ ನೋಡೋಣ. ಮೊದಲನೆಯದಾಗಿ, ಜೀಯಸ್ ದೇವನ ಗುಡಿಗಳು ಪಾಳುಬಿದ್ದು ಶತಮಾನಗಳೇ ಸಂದವು; ಗ್ರೀಸಿನ ಬಹುಪಾಲು ಜನ ಕ್ರೈಸ್ತರು. ಬಾಹುಬಲಿ ಸ್ವಾಮಿಗೋ ಇಂದು ಬೆಳಿಗ್ಗೆಯೂ ಪಾದಾಭಿಷೇಕ ನಡೆದಿದೆ. ಎರಡನೆಯ ಮಾತು ಇನ್ನೂ ಮುಖ್ಯವಾದುದು. 2010ರಲ್ಲಿ ಬಂದ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ಎಂಬ ಚಿತ್ರದ ನಾಯಕ ಪರ್ಸಿಯಸ್. ಮೊಮ್ಮಗನಿಂದ ನಿನಗೆ ಮರಣವೆಂಬ ಕಣಿಯನ್ನು ಕೇಳಿ ಹೆದರಿದ ಅರಸ ಅಕ್ರಿಸಿಯಸ್, ತನ್ನ ಮಗಳನ್ನೂ ಹಸುಗೂಸು ಪರ್ಸಿಯಸನನ್ನೂ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಬಿಡಿಸಿದನೆಂಬುದು ಪುರಾಣ. ಬೆಸ್ತನ ಆಸರೆಯಲ್ಲಿ ಬೆಳೆದ ಆ ಮಗು ದೊಡ್ಡವನಾಗಿ ಆಟದ ಪಂದ್ಯವೊಂದರಲ್ಲಿ ಚಕ್ರ ಎಸೆಯುತ್ತಾನೆ. ಅದು ಆಕಸ್ಮಿಕವಾಗಿ ತಗುಲಿ ಅಜ್ಜ ಸಾಯುತ್ತಾನೆ. ತಾನು ಕೊಂದವನ ಸಿಂಹಾಸನವನ್ನು ಏರಲು ಪರ್ಸಿಯಸ್ ನಾಚುತ್ತಾನೆ. ಆರ್ಗಾಸ್ ರಾಜ್ಯವನ್ನು ಬೇರೊಬ್ಬ ಅರಸನಿಗೆ ಕೊಟ್ಟು, ಅವನ ಟಿರಿನ್ಸ್ ನಗರವನ್ನು ತಾನು ತೆಗೆದುಕೊಳ್ಳುತ್ತಾನೆ. ಓದುಗರು ಆ ನಾಚಿಕೆಯನ್ನು ಗಮನಿಸಬೇಕು. 2010ರ ಚಿತ್ರದಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಅಕ್ರಿಸಿಯಸನು ವಿಕಾರರೂಪದ ರಾಕ್ಷಸನಾಗಿದ್ದಾನೆ, ನಾಯಕ ಅವನನ್ನು ಕತ್ತಿಯಿಂದಲೇ ಇರಿದು ಕೊಲ್ಲುತ್ತಾನೆ, ನೋಡುವವರಿಗೆ ಹಾಯೆನಿಸುತ್ತದೆ. ಹಣ ಹೆಚ್ಚಾದಷ್ಟೂ ಪುರಾಣದ ಪಶ್ಚಾತ್ತಾಪ ಕಡಿಮೆಯಾಗುವುದು ಅಲ್ಲಿನ ಪದ್ಧತಿ. ಅದನ್ನೇ ನಮ್ಮವರು ಆದರ್ಶವೆಂದು ತೋರಿಸುತ್ತಿದ್ದಾರೆ!

ಮಾಹಿಷ್ಮತಿಯ ಕಥೆಯೂ ಇದೇ ಅಚ್ಚಿನದು. ನದಿಯ ನೀರಿನ ಮೇಲೆ ಎತ್ತಿಹಿಡಿದ ಶಿಶು, ಬೇರೆಯವರ ಮನೆಯಲ್ಲಿ ಬೆಳೆಯುವ ರಾಜಕುವರ, ಕೊನೆಗೆ ಸಿಂಹಾಸನ ಅಪಹರಿಸಿದ ದಾಯಾದಿಯ ಸಂಹಾರ. ಬಂಧನದಲ್ಲಿದ್ದ ತಾಯಿ ವರ್ಷಗಟ್ಟಲೆ ಆಯ್ದಿಟ್ಟ ಕಡ್ಡಿಗಳ ಚಿತೆಯ ಮೇಲೆ ಭಲ್ಲಾಳದೇವನನ್ನು ಜೀವಂತ ಸುಡುತ್ತಾರೆ. ಚಿತ್ರದಲ್ಲಿ ಒಳ್ಳೆಯದಿಲ್ಲವೆಂದಲ್ಲ, ನ್ಯಾಯವಾಗಿ ಹೇಳಬೇಕಾದುದನ್ನು ಹೇಳಬೇಕು. ಯುದ್ಧಕ್ಕೆ ಮುನ್ನ ಮೂಕಪ್ರಾಣಿಯ ಬಲಿಯನ್ನು ನಿರಾಕರಿಸಿ ನಾಯಕನು ತನ್ನ ರಕ್ತವನ್ನೇ ಅರ್ಪಿಸುವ ಪ್ರಸಂಗ ಅದರಲ್ಲಿದೆ. ಶತ್ರುಗಳು ಗುರಾಣಿಯಾಗಿ ನಿಲ್ಲಿಸಿದ ಪ್ರಜೆಗಳನ್ನು ಅವನು ಉಳಿಸುತ್ತಾನೆ. ಆ ಎರಡು ಪ್ರಸಂಗಗಳನ್ನು ನೋಡಿ ನನಗೂ ಸಂತೋಷವಾಯಿತು. ಆದರೆ ಮನೆಗೆ ಬಂದ ಮಕ್ಕಳು ಆಡುವುದು ಆ ಪ್ರಸಂಗಗಳನ್ನಲ್ಲ.

ಈಗ ನಮ್ಮ ಕಥೆ. ಪಂಪನು 941ರಲ್ಲಿ ಆದಿಪುರಾಣದಲ್ಲಿ ಹೇಳಿದ್ದೂ ಅಣ್ಣತಮ್ಮಂದಿರ ರಾಜ್ಯಕಲಹವೇ. ಸೈನ್ಯಗಳೆರಡೂ ಎದುರಾದಾಗ, ಇಬ್ಬರ ಹಟಕ್ಕೆ ಸಾವಿರಾರು ಜನ ಏಕೆ ಸಾಯಬೇಕೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಈ ಮೂರೇ ಸಾಕೆಂದಾಯಿತು. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಸೋತ ಭರತನು ಕೋಪದಿಂದ ಬಿಟ್ಟ ಚಕ್ರರತ್ನವು ಕೊಲ್ಲದೆ, ತಮ್ಮನಿಗೆ ಬಲಬಂದು ನಿಂತಿತು. ಗೆದ್ದವನಿಗೆ ಗೆಲುವಿನಲ್ಲಿಯೇ ಹೇಸಿಕೆ ಹುಟ್ಟಿತು; ರಾಜ್ಯವನ್ನು ಅಣ್ಣನಿಗೇ ಬಿಟ್ಟು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತನು. ಶ್ವೇತಾಂಬರ ಪರಂಪರೆಯಲ್ಲಿ ಇನ್ನೊಂದು ಬಗೆಯಿದೆ. ರಾಯಚೂರಿನಲ್ಲಿ ಎರಡೂ ಆಮ್ನಾಯದ ಕುಟುಂಬಗಳಿರುವುದರಿಂದ ಅದನ್ನೂ ನೆನೆಯುವುದು ಯುಕ್ತ. ಅಣ್ಣನ ಮೇಲೆ ಎತ್ತಿದ ಮುಷ್ಟಿಯನ್ನು ಬಾಹುಬಲಿ ಇಳಿಸಲಿಲ್ಲ. ಅದೇ ಮುಷ್ಟಿಯಿಂದ ತನ್ನ ತಲೆಗೂದಲನ್ನು ಕಿತ್ತುಕೊಂಡು ಕೇಶಲೋಚ ಮಾಡಿದನು. ಇದಕ್ಕಿಂತ ಸಾಹಸದ ದೃಶ್ಯವನ್ನು ಯಾವ ಚಿತ್ರ ತೋರಿಸಿದೆ?

ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಸ್ವಾಮಿಯ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಸ್ವತಃ ಗಂಗರ ದಂಡನಾಯಕ. ಕಾಳಗಗಳಲ್ಲಿ ಬಿರುದು ಪಡೆದವನು. ಖಡ್ಗ ಎಂಥದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಸುಮಾರು 58 ಅಡಿ ಎತ್ತರದ ಶಿಲೆಯಲ್ಲಿ ಬರಿಗೈಯನ್ನು ನಿಲ್ಲಿಸಿದನು. ಚಲನಚಿತ್ರದಲ್ಲಿಯೂ ಒಂದು ಬೃಹತ್ ಪ್ರತಿಮೆ ಏಳುತ್ತದೆ. ಅದು ದುಷ್ಟನಾದ ಭಲ್ಲಾಳದೇವನ ಚಿನ್ನದ ಪ್ರತಿಮೆ!

“ಅದೆಲ್ಲ ಗ್ರಾಫಿಕ್ಸ್, ಯಾರೂ ಸತ್ತಿಲ್ಲ, ಹಿಂಸೆ ಎಲ್ಲಿದೆ?” ಎಂಬುದು ಉಳಿದಿರುವ ಆಕ್ಷೇಪಣೆ. ಜೈನರ ಮನೆಯಲ್ಲಿ ಈ ಮಾತು ಕೇಳಿಬಂದರೆ ನನಗೆ ಆಶ್ಚರ್ಯವಾಗುತ್ತದೆ. ಜನ್ನನ ಯಶೋಧರ ಚರಿತೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಯಶೋಧರನು ಜೀವಬಲಿಗೆ ಒಪ್ಪಲಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿದನು. ಹಿಟ್ಟಿಗೆ ಪ್ರಾಣವಿಲ್ಲ, ಕಡಿಯುವ ಸಂಕಲ್ಪವಿತ್ತು. ಅದಕ್ಕಾಗಿ ತಾಯಿಮಗ ನಾಯಿ ನವಿಲುಗಳಾಗಿ, ಜನ್ಮಜನ್ಮಾಂತರ ಅಲೆದರು. ಇನ್ನು ಕೃತ, ಕಾರಿತ, ಅನುಮೋದಿತ ಎಂದು ನಿತ್ಯವೂ ಪ್ರತಿಕ್ರಮಣದಲ್ಲಿ ಹೇಳುವ ನಮಗೆ, ಚಿತೆ ಹೊತ್ತಿದಾಗ ಚಪ್ಪಾಳೆ ತಟ್ಟುವುದು ಮೂರರಲ್ಲಿ ಯಾವುದೆಂದು ಬಿಡಿಸಿ ಹೇಳಬೇಕೆ? ಚಿತ್ರ ನೋಡಿದವರೆಲ್ಲ ದುರ್ಗತಿಗೆ ಹೋಗುತ್ತಾರೆಂದು ನಾನು ಹೆದರಿಸುತ್ತಿಲ್ಲ, ನಾನೂ ನೋಡಿದವನೇ. ನೋಡುವಾಗ ಮನಸ್ಸು ಎಲ್ಲಿ ಕುಣಿಯಿತೆಂದು ಬಲ್ಲವನಾದುದರಿಂದಲೇ ಬರೆಯುತ್ತಿದ್ದೇನೆ.

ಬಸದಿಗಳ ಧರ್ಮದರ್ಶಿಗಳಲ್ಲಿ ನನ್ನ ಕೋರಿಕೆ ಚಿತ್ರವನ್ನು ಕುರಿತದ್ದಲ್ಲ. ಅದನ್ನು ನಿಷೇಧಿಸಿರೆಂದು ಅರ್ಜಿ ಕೊಡುವುದೂ ಬೇಡ. ಮೆರವಣಿಗೆಯ ಖರ್ಚು ಟ್ರಸ್ಟಿನದು, ಫಲಕ ಟ್ರಸ್ಟಿನದು. ಫಲಕದ ಮೇಲೆ ನಿಲ್ಲುವವರು ಯಾರೆಂಬುದನ್ನು ಬಾಡಿಗೆ ವೇಷದ ಅಂಗಡಿಯವನಿಗೆ ಬಿಡಬಾರದು. ಪಾಠಶಾಲೆಯ ರಜಾ ಶಿಬಿರದಲ್ಲಿ ಆದಿಪುರಾಣದ ಆ ಮೂರು ಯುದ್ಧಗಳನ್ನು ಮಕ್ಕಳಿಂದಲೇ ಆಡಿಸಬಹುದು. ದೃಷ್ಟಿಯುದ್ಧವನ್ನು ಅವರು ಎವೆಯಿಕ್ಕದೆ ನೋಡುವ ಪಂದ್ಯವೆಂದು ಈಗಾಗಲೇ ಆಡುತ್ತಾರೆ. ಅದು ಎಲ್ಲಿಂದ ಬಂತೆಂದು ಹೇಳುವವರಿಲ್ಲ, ಅಷ್ಟೆ.

ಆ ಬಾಲಕನನ್ನು ಮೊನ್ನೆ ಮತ್ತೆ ಕಂಡೆ. ಗೋಡೆಯ ಮೇಲಿದ್ದ ಗೊಮ್ಮಟನ ಪಟವನ್ನು ತೋರಿಸಿ, ಕಾಲಿಗೆ ಸುತ್ತಿದ್ದೇನೆಂದು ಕೇಳಿದೆ. “ಹಗ್ಗರಿ. ಯಾರೋ ಕಟ್ಟಿಹಾಕ್ಯಾರ” ಎಂದನು. ಬಳ್ಳಿಯೆಂದು ತಿಳಿಸಿ, ಅದು ಹಾಗೆ ಹಬ್ಬಲು ಎಷ್ಟು ದಿನ ಅಲುಗದೆ ನಿಂತಿರಬೇಕೆಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದನು. ಆಮೇಲೆ ಎರಡು ಕೈಗಳನ್ನೂ ಇಳಿಬಿಟ್ಟು ಅಂಗಳದಲ್ಲಿ ನಿಂತು, ತಾನು ಎಷ್ಟು ಹೊತ್ತು ನಿಲ್ಲಬಲ್ಲೆನೆಂದು ಗಡಿಯಾರ ನೋಡಲು ನನಗೆ ಹೇಳಿದನು.