ದುಗ್ಗಮ್ಮ ಎಂಬ ಹೆಸರು

ಕಳೆದ ವರ್ಷ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ‘ದುಗ್ಗಮ್ಮ’ ಎಂದೊಡನೆ ಹಿಂದಿನ ಬೆಂಚುಗಳಿಂದ ನಗೆ ಕೇಳಿಸಿತು. ಪಾಠ ಮುಗಿದ ಮೇಲೆ ಆ ಹುಡುಗಿ ಬಳಿಗೆ ಬಂದು, “ಸರ್, ಇನ್ಮೇಲೆ ನನ್ನ ದುರ್ಗಾ ಅಂತ ಕರೀರಿ” ಎಂದಳು. ಹಾಗೆಯೇ ಕರೆದೆ. ಆದರೆ ಅಂದು ಸೋತವನು ಕನ್ನಡದ ಮೇಷ್ಟರೇ ಎಂಬ ಭಾವನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ದಾವಣಗೆರೆಯಲ್ಲಿ ನಗಬೇಕಾದ ಹೆಸರೇ ಇದು? ಊರಿನ ದೇವತೆ ದುರ್ಗಾಂಬಿಕೆ; ಜನರ ನಾಲಗೆಯಲ್ಲಿ ಆಕೆ ದುಗ್ಗಮ್ಮ. ಎರಡು ವರ್ಷಕ್ಕೊಮ್ಮೆ ಆಕೆಯ ಜಾತ್ರೆ ಬಂದಾಗ ನೆಂಟರಿಷ್ಟರಿಂದ ಮನೆ ಮನೆ ತುಂಬುತ್ತದೆ. ಆಗ ಯಾರೂ ಆ ಹೆಸರಿಗೆ ನಗುವುದಿಲ್ಲ. ಹರಕೆ ಹೊತ್ತು ಹಡೆದ ಮಗಳಿಗೆ ಆ ತಾಯಿಯ ಹೆಸರನ್ನೇ ಇಡುವುದು ಹಿಂದಿನವರ ವಾಡಿಕೆ.

ಈ ವಾಡಿಕೆ ನಮ್ಮದೊಂದೇ ಅಲ್ಲ. ನೆರೆಯ ಹರಿಹರದಲ್ಲಿ ಆರೋಗ್ಯಮಾತೆಯ ಚರ್ಚು ಇದೆ. ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ಆರೋಗ್ಯ ಮೇರಿ ಎಂಬ ಹೆಸರು ಆ ತಾಯಿಯ ಭಕ್ತಿಯಿಂದಲೇ ಬಂದುದು. ದೂರದ ಸ್ಪೇನಿನ ಸಾರಗೋಸಾ ನಗರದಲ್ಲಿ ಕಂಬದ ಮೇಲೆ ನಿಂತ ಮೇರಿಮಾತೆಯ ಮೂರ್ತಿಯುಂಟು. ಕಂಬಕ್ಕೆ ಅವರ ನುಡಿಯಲ್ಲಿ ‘ಪಿಲಾರ್’. ಅಲ್ಲಿ ತಲೆಮಾರುಗಳ ಕಾಲ ಹೆಣ್ಣುಮಕ್ಕಳಿಗೆ ಪಿಲಾರ್ ಎಂದು ಹೆಸರಿಟ್ಟರು. ಈಗ ಹೊಸ ಕೂಸುಗಳಲ್ಲಿ ಅದು ವಿರಳ. ಹೆಸರುಗಳಿಗೂ ಏರಿಳಿತವುಂಟು, ಅದಕ್ಕಾಗಿ ಮರುಗಬೇಕಾಗಿಲ್ಲ.

ಆದರೆ ದುಗ್ಗಮ್ಮನ ಇಳಿಕೆಯ ಬಗೆ ಬೇರೆ. ದುರ್ಗಾ ಎಂಬುದು ಇಂದಿಗೂ ಸಲ್ಲುವ ಹೆಸರು. ಸಲ್ಲದಿರುವುದು ಅದರ ಕನ್ನಡ ರೂಪ ಮಾತ್ರ. ರಕಾರವನ್ನು ಕಳೆದು ಮುಂದಿನ ವ್ಯಂಜನವನ್ನು ಇಮ್ಮಡಿಸುವುದು ಅಜ್ಞಾನದ ಉಚ್ಚಾರವಲ್ಲ. ಸ್ವರ್ಗ ಸಗ್ಗವಾದುದೂ ವರ್ಣ ಬಣ್ಣವಾದುದೂ ಇದೇ ಜಾಡಿನಲ್ಲಿ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. 8ನೆಯ ಶತಮಾನದ ಗಂಗ ದೊರೆ ಶ್ರೀಪುರುಷನ ಮಗನೊಬ್ಬನ ಹೆಸರು ದುಗ್ಗಮಾರ. ಅರಮನೆಗೆ ಒಪ್ಪಿದ ಪದ ಕಾಲೇಜಿಗೆ ಒಪ್ಪದೆ? ಕಾವ್ಯದಲ್ಲಿ ‘ಸಗ್ಗ’ ಬಂದರೆ ಸೊಗಸೆನ್ನುತ್ತೇವೆ. ಪರೀಕ್ಷೆಯಲ್ಲಿ ತದ್ಭವ ಬರೆದವರಿಗೆ ಅಂಕ ಕೊಡುತ್ತೇವೆ. ಅದೇ ತದ್ಭವ ಹಳ್ಳಿಯ ಹುಡುಗಿಯಾಗಿ ಬೆಂಚಿನ ಮೇಲೆ ಕುಳಿತರೆ ನಗೆ ಬರುತ್ತದೆ. ಆ ನಗೆಯಲ್ಲಿ ಆಕೆಯ ಮನೆಯ ಬಡತನ, ಜಾತಿಗಳ ಮೇಲಣ ತಾತ್ಸಾರವೂ ಬೆರೆತಿದೆ ಎಂಬುದನ್ನು ಮುಚ್ಚಿಡಲಾಗದು.

ಹಾಗೆಂದು ನಿಮ್ಮ ಮಕ್ಕಳಿಗೆ ಈ ಹೆಸರನ್ನೇ ಇಡಿರೆಂದು ನಾನು ಹೇಳಲಾರೆ. ನನ್ನ ಮಗಳಿಗೇ ಇಡಲಿಲ್ಲ. ನಮ್ಮ ಭಾಷಾಭಿಮಾನದ ಹೊರೆಯನ್ನು ಹುಡುಗಿಯರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಅಂದು ನಗೆ ಎದ್ದಾಗ ಹಾಜರಿ ಪುಸ್ತಕವನ್ನು ಮುಚ್ಚಿ, ‘ದುಗ್ಗ’ ಎಂದು ಕಪ್ಪುಹಲಗೆಯ ಮೇಲೆ ಬರೆದು ನಾನು ಪಾಠ ಹೇಳಬೇಕಾಗಿತ್ತು. ಹೇಳಲಿಲ್ಲ. ಹೆಸರನ್ನು ಬದಲಿಸಿಕೊಳ್ಳುವ ಹಕ್ಕು ಆಕೆಯದು. ನಾಚಿಕೆಯಿಂದ ಬದಲಿಸಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ಉಪಾಧ್ಯಾಯರಾದ ನಮ್ಮದು.