ಚುಚ್ಚುಮದ್ದೂ ಕೂಲಿಯ ದಿನವೂ

ಹಾಡಿಯ ಜನರು ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದಿಲ್ಲವೆಂಬ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತ ಮಿತ್ರರು 'ಮೌಢ್ಯ' ಎಂಬ ಒಂದೇ ಪದದಿಂದ ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ತೀರ್ಪು ಸುಲಭವಾದುದು, ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಭಯವು ಹಾಡಿಯ ಸೊತ್ತೇನೂ ಅಲ್ಲ. ಸಿಡುಬು ಬಂದರೆ 'ಅಮ್ಮ ಬಂದಳು' ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದವರು ಕೃಷ್ಣರಾಜನಗರದ ಗದ್ದೆಬಯಲಿನ ನಮ್ಮ ಹಿರಿಯರೂ ಹೌದು. ಜೆನ್ನರನು 1796ರಲ್ಲಿ ಪ್ರಯೋಗಿಸಿದ ದಾಕು ಮೈಸೂರಿಗೆ ಬಂದಾಗ ಜನರಲ್ಲಿ ನಂಬಿಕೆ ಹುಟ್ಟಿಸಲು ಅರಮನೆಯೇ ಮುಂದಾಗಬೇಕಾಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲೊಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದೂ, ತೋರಿಸುತ್ತಿರುವುದು ದಾಕು ಹಾಕಿದ ಜಾಗವನ್ನೆಂದೂ ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ.

ಇಂದಿನ ತೊಡಕು ಬೇರೆ. ತಾಯಿ ಕಾರ್ಡಿನ ಪ್ರಕಾರ ಹುಟ್ಟಿದೊಡನೆ ಬಿ.ಸಿ.ಜಿ.; 6, 10, 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್; 9 ತಿಂಗಳು ತುಂಬಿದ ಮೇಲೆ ದಡಾರದ ಮದ್ದು. ಆದರೆ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಜೇನುಕುರುಬರ ಪಂಚಾಂಗ ಈ ಕಾರ್ಡಿಗೆ ಹೊಂದುವುದಿಲ್ಲ. ಕಾಫಿ ಕೊಯ್ಲಿಗೆಂದು ಕೊಡಗಿನ ತೋಟದ ಜೀಪು ಬಂದರೆ ಕೂಸನ್ನು ಕಟ್ಟಿಕೊಂಡು ಹೊರಡಲೇಬೇಕು. ನರ್ಸಮ್ಮನವರು ಮದ್ದಿನ ಪೆಟ್ಟಿಗೆ ಹೊತ್ತು ಬಂದ ದಿನ ಹಾಡಿಯಲ್ಲಿ ಮುದುಕರು ಮಾತ್ರ! ಹುಣಸೂರಿನ ಒಕ್ಕಲು ಮನೆಗಳಲ್ಲಿಯೂ ಹೊಗೆಸೊಪ್ಪು ಬೇಯಿಸುವಾಗ ಬ್ಯಾರನ್ ಬಿಟ್ಟು ಏಳುವಂತಿಲ್ಲ. ಅವರನ್ನು ಮಾತ್ರ ಯಾರೂ ಮೂಢರೆನ್ನುವುದಿಲ್ಲ.

ಇನ್ನೊಂದು ಲೆಕ್ಕವಿದೆ. ಮದ್ದು ಹಾಕಿದ ರಾತ್ರಿ ಕೂಸಿಗೆ ಜ್ವರ ಬರುವುದುಂಟು. ಕೋಟೆಯ ಕಡೆಯ ಹಾಡಿಯೊಂದರಲ್ಲಿ ತಾಯಿಯೊಬ್ಬಳು ನನ್ನನ್ನೇ ಕೇಳಿದಳು: "ಸೂಜಿಗ್ಯಾಕಣ್ಣ ಹೆದರಾನ? ರಾತ್ರಿಯೆಲ್ಲ ಜರ ಬಂದು ಮಗ ಅತ್ತರೆ, ನಾಳಿನ ಕೂಲಿ ಯಾರು ಕೊಟ್ಟಾರು?" ನನ್ನಲ್ಲಿ ಉತ್ತರವಿರಲಿಲ್ಲ.

2011ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಕಾಡು ಪೋಲಿಯೋ ಕಾಣಿಸಿಲ್ಲ. ಬಸ್ ನಿಲ್ದಾಣ, ರೈಲು, ಜಾತ್ರೆ, ಇಟ್ಟಿಗೆಗೂಡು ಎಂದು ಮಗು ಇದ್ದಲ್ಲಿಗೇ ಹನಿ ಹೋದುದರಿಂದಲ್ಲವೆ ಅದು ಸಾಧ್ಯವಾದುದು? ದಡಾರದ ಮದ್ದೂ ಹಾಗೆಯೇ ಹೋಗಲಿ. ಕೊಯ್ಲಿನ ಕಾಲದಲ್ಲಿ ತೋಟದ ಲೈನುಮನೆಗಳ ಬಳಿ, ಸಂಜೆ ಕೆಲಸ ಬಿಟ್ಟ ಹೊತ್ತಿಗೆ, ಮದ್ದು ಹಾಕುವ ಏರ್ಪಾಡಾಗಲಿ. ಒಂದು ಸಲ ತಪ್ಪಿದರೆ ಮೊದಲಿನಿಂದ ತೊಡಗಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದೆಂಬುದನ್ನು ತಾಯಂದಿರಿಗೆ ಬೈಯದೆ ತಿಳಿಸಲಿ.

ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ವರ್ಷದ ಎನ್.ಎಸ್.ಎಸ್. ಶಿಬಿರವನ್ನು ನವೆಂಬರ್ ತಿಂಗಳಲ್ಲೇ, ಜೀಪುಗಳು ಬರುವ ಮೊದಲೇ, ಹಾಡಿಗಳಲ್ಲಿ ಏರ್ಪಡಿಸಬೇಕು. ಜಾಥಾ ಬೇಡ. ಯಾವ ಕೂಸಿಗೆ ಯಾವ ಮದ್ದು ಬಾಕಿ, ತಾಯಿ ಯಾವ ತೋಟಕ್ಕೆ ಹೋಗುವಳು ಎಂದು ನಾವು ಬರೆದುಕೊಂಡು ನರ್ಸಮ್ಮನವರ ಕೈಗೆ ಕೊಡೋಣ.